ಹಿತ್ತಲ ಗೋಡೆ ಕೆಡವಬೇಡಿ

ರೀ,

ರಾತ್ರಿ ಹಿತ್ತಲಲ್ಲಿ ಟಕ್ ಟಕ್ ಎಂದು ಸದ್ದಾಯಿತು. ನೀವು ಕಟ್ಟುತ್ತಿರುವ ಗೋಡೆಯೇ ಬಿರುಕು ಬಿಡುತ್ತಿದೆ ಎಂದು ಹೆದರಿ ಕಿಟಕಿಯಿಂದ ಇಣುಕಿದೆ. ಮಾವನವರು ಕರಣೆಯ ಹಿಡಿಯಿಂದ ಒಂದೊಂದೇ ಬ್ಲಾಕ್ ತಟ್ಟಿ ನೋಡುತ್ತಿದ್ದರು. ದಾರದ ಗುಂಡು ಇಳಿಬಿಟ್ಟು ಮೂಲೆ ನೆಟ್ಟಗಿದೆಯೇ ಎಂದು ನೋಡಿದರು, ತಲೆದೂಗಿದರು, ಜಾರಿದ್ದ ಒದ್ದೆ ಗೋಣಿಯನ್ನು ಗೋಡೆಗೆ ಹೊದಿಸಿ ಒಳಗೆ ಬಂದರು. ಸಂಜೆ "ಬೆಕ್ಕು ಸೀನಿದ್ರೂ ಬೀಳೋ ಗೋಡೆ ಕಣೋ" ಎಂದು ನಿಮ್ಮನ್ನು ಹಂಗಿಸಿದವರು ಇವರೇ. ನಲವತ್ತು ವರ್ಷ ಗಾರೆ ಕೆಲಸ ಮಾಡಿದವರು ಸುಮ್ಮನೆ ತಲೆದೂಗುವುದಿಲ್ಲ.

ಆದ್ದರಿಂದ ಸಿಟ್ಟಿನಲ್ಲಿ ಹೇಳಿದಂತೆ ಕೆಡವಬೇಡಿ. ಎರಡಡಿ ಪಾಯ ತೋಡಿದ್ದೀರಿ. ಅದರ ಕಾಂಕ್ರೀಟಿಗೆ ಏಳು ದಿನ ನೀರು ಹೊತ್ತ ನನ್ನ ಸೊಂಟವನ್ನಾದರೂ ನೆನೆಯಿರಿ. ಸುತ್ತಿಗೆ ಬೀರುವಿನಲ್ಲಿದೆ, ಬೀಗದ ಕೈ ನನ್ನ ಹತ್ತಿರ ಇದೆ. ಹತ್ತು ಗಂಟೆಗೆ ಗೋಡೆಗೆ ನೀರು ಹಾಕಿ. ಸಿಮೆಂಟ್ ಚೀಲದ ಬಾಯಿ ಕಟ್ಟಿ. ಮುಂದಿನ ಸಾಲು ಕಟ್ಟುವಾಗ ಪಕ್ಕದಲ್ಲಿ ಒಂದು ಕುರ್ಚಿ ಹಾಕಿಡಿ. ಮಾವನವರನ್ನು ಕರೆಯಬೇಡಿ, ಅವರೇ ಬರುತ್ತಾರೆ.

ಬೆಳಿಗ್ಗೆ ಅವರೇ ಕೇಳಿದರು: "ರಾತ್ರಿ ಬೆಕ್ಕು ಬಂದಿತ್ತೇನಮ್ಮಾ?"

"ಬಂದಿತ್ತು ಮಾವ. ಗೋಡೆ ಬೀಳಲಿಲ್ಲ" ಎಂದೆ.

ನೀವೂ ಬೆಕ್ಕೆಂದೇ ಅನ್ನಿ. ನಾನಂತೂ ಇದನ್ನು ಇನ್ನು ಯಾರಿಗೂ ಹೇಳುವುದಿಲ್ಲ.