ಒಂದೇ ಔಷಧಿ

ಮೇಷ್ಟ್ರೇ,

ನನ್ನ ಅನ್ನನಾಳದಲ್ಲಿ ಕ್ಯಾನ್ಸರ್ ಉಳಿದಿಲ್ಲ ಎಂದು ಇವತ್ತು ಡಾಕ್ಟರು ಹೇಳಿದರು. ಪಕ್ಕಪಕ್ಕದ ಕುರ್ಚಿಯಲ್ಲಿ ಕೂತು ಇಬ್ಬರೂ ಏರಿಸಿಕೊಂಡಿದ್ದು ಒಂದೇ ಔಷಧಿ; ನಿಮಗೇಕೆ ಅದು ನಾಟಲಿಲ್ಲ ಎಂದು ಕೇಳಿದೆ.

"ಅವರ ಒಂದೇ ಗಡ್ಡೆಯೊಳಗೆ ನಾನಾ ಥರದ ಜೀವಕೋಶ ಇದ್ವು. ಔಷಧಿಗೆ ಕೆಲವು ಸತ್ತೋದ್ವು, ಬಗ್ಗದೇ ಇದ್ದವು ಬೆಳೆದ್ವು. ನಿಮ್ಮಲ್ಲಿ ಹೆಚ್ಚುಕಮ್ಮಿ ಎಲ್ಲಾ ಒಂದೇ ಥರ ಇದ್ವು," ಎಂದರು.

ನೀವಿಲ್ಲದ ಮೇಲೆ ಸುದ್ದಿ ಹೇಳಿಕೊಳ್ಳಲು ನನಗೆ ಯಾರಿದ್ದಾರೆ? ನೇರ ನಿಮ್ಮ ಮನೆಗೇ ಹೋದೆ. ನಿಮ್ಮ ಹೆಂಡತಿ ಅನ್ನ ಬಡಿಸಿ, "ಈಗ ಗಂಟಲಲ್ಲಿ ಇಳಿಯುತ್ತಾ?" ಎಂದರು.

ಬೆಳಗ್ಗೆ ಒಣ ಬ್ರೆಡ್ಡನ್ನೂ ಸಲೀಸಾಗಿ ನುಂಗಿದ್ದ ನಾನು, "ಇನ್ನೂ ಕಷ್ಟ ಅಕ್ಕಾ," ಎಂದುಬಿಟ್ಟೆ.

ನಿಮಗೆ ಮಾಡಿಕೊಡುತ್ತಿದ್ದ ಹಾಗೆಯೇ ಅವರು ಅನ್ನವನ್ನು ನುಣ್ಣಗೆ ಕಿವುಚಿ ಕೊಟ್ಟರು. ತಲೆಯೆತ್ತದೆ ತಿಂದು ಬಂದೆ.