ಅಳಿಲು ಇಳಿಯಿತು, ಮಾವ ಇಳಿಯಲಿಲ್ಲ

ಹುಲೇಕಲ್
೧೨-೩-೧೯೯೪

ಪ್ರೀತಿಯ ಅತ್ತೆಗೆ,

ಪರಿಮಳಾಳ ನಮಸ್ಕಾರ. ನಿಮ್ಮ ಮೊಣಕಾಲು ಯಲ್ಲಾಪುರದ ಮೆಟ್ಟಿಲುಗಳ ಜೊತೆ ರಾಜಿ ಮಾಡಿಕೊಂಡಿತೇ? ಸಂಹಿತಾ ಉಂಡದ್ದು ಹೊಟ್ಟೆಯಲ್ಲಿ ನಿಲ್ಲುತ್ತಿದೆಯೇ? ಬಸುರಿ ಮಗಳ ಬಯಕೆಗೆ ನಮ್ಮ ಹಿತ್ತಲಿನ ಅಪ್ಪೆಮಿಡಿಯೇ ಬೇಕೆಂದು ನೀವು ಹೇಳಿಕಳಿಸಿದ್ದೇ ತಡ, ಇಲ್ಲಿ ಯುದ್ಧ ಶುರುವಾಯಿತು. ಮಿಡಿಯ ಚೀಲ ಈ ಪತ್ರದ ಜೊತೆಗೇ ಬಸ್ಸಿನಲ್ಲಿ ಬರುತ್ತಿದೆ. ಕಡಿಮೆಯಾಯಿತೆಂದು ಬೈಯುವ ಮೊದಲು ಪೂರ್ತಿ ಓದಿ.

ಈ ವರ್ಷ ಅಪ್ಪೆಮಾವಿನ ಮರಕ್ಕೆ ನಮಗಿಂತ ಮೊದಲು ಅಳಿಲುಗಳು ಬಂದವು. ಅಳಿಯನಾದರೆ ಹಬ್ಬಕ್ಕೊಮ್ಮೆ ಬರುತ್ತಾನೆ, ಅಳಿಲಿಗೆ ದಿನವೂ ಹಬ್ಬ (ಇದನ್ನು ಭಾವನಿಗೆ ಓದಿ ಹೇಳಬೇಡಿ). ತಿಂದು ಹೋದರೆ ಹೋಗಲಿ ಎನ್ನಬಹುದಿತ್ತು. ಅವು ತೊಟ್ಟು ಕಡಿದು ಮಿಡಿಯನ್ನು ನೆಲಕ್ಕೆ ಉದುರಿಸುತ್ತವೆ. ಬಿದ್ದು ಪೆಟ್ಟಾದ ಒಂದೇ ಮಿಡಿ ಭರಣಿಯನ್ನೆಲ್ಲ ಕೊಳೆಸುತ್ತದೆಂದು ನನಗೆ ಕಲಿಸಿದವರು ನೀವು. ಮಿಡಿಗೆ ಸೊನೆ ಬೇಕು, ಮನೆಗೆ ಸೊಸೆ ಬೇಕು, ಎರಡೂ ಸ್ವಲ್ಪ ಸುಡುತ್ತವೆ ಎಂದವರೂ ನೀವೇ. ಮಾವ ಕಾಂಡಕ್ಕೆ ತಗಡು ಸುತ್ತಿ ಗ್ರೀಸು ಬಳಿದರು. ಅಳಿಲುಗಳು ಅರ್ಧ ದಿನ ಯೋಚಿಸಿ, ಬಚ್ಚಲುಮನೆಯ ಮಾಡಿನಿಂದ ಟೊಂಗೆಗೆ ಹಾರಿದವು. ಡಬ್ಬ ಬಡಿದರೆ ಆ ತಾಳಕ್ಕೇ ಬಾಲ ಕುಣಿಸಿದವು. ಇನ್ನು ಆ ಟೊಂಗೆ ಕಡಿದು, ಉಳಿದ ಮಿಡಿಯನ್ನು ಕೈಯಲ್ಲಿ ಕೊಯ್ಯುವುದೊಂದೇ ದಾರಿ. ಮರ ಹತ್ತುವ ಬೈರ ನೆಂಟರ ಮದುವೆಗೆಂದು ಮನ್ಮನೆ ಊರಿಗೆ ಹೋಗಿದ್ದ.

ನಿನ್ನೆ ನಿಮ್ಮ ಮಗ "ಆನು ಹತ್ತತೆ" ಎಂದರೆ ಮಾವ, "ನೀ ಹತ್ತಿದ್ರೆ ಮಿಡಿ ಬದ್ಲು ನಿನ್ನ ಹೆಕ್ಕವು. ಏಣಿ ಹಿಡ್ಕ, ಸಾಕು" ಎಂದು ಕತ್ತಿಯನ್ನು ಸೊಂಟಕ್ಕೆ ಸಿಕ್ಕಿಸಿಯೇಬಿಟ್ಟರು. ಹೋದ ದೀಪಾವಳಿಯಲ್ಲಿ ತಲೆ ಸುತ್ತಿ ಕುಸಿದವರು! "ಮಾವ, ಮರ ಹತ್ತಲಾಗ ಹೇಳಿ ಅತ್ತೆ ಹೇಳಿಕ್ಕೆ ಹೋಯ್ದು" ಎಂದು, ನೀವು ಹೊರಡುವಾಗ ಹೇಳಿದ್ದನ್ನು ನೆನಪಿಸಿದೆ. "ಅತ್ತೆ ಯಲ್ಲಾಪುರದಲ್ಲಿದ್ದು, ಮರ ಇಲ್ಲಿದ್ದು" ಎಂದರು. ಇಂಥ ಭೂಗೋಳದ ಎದುರು ನನ್ನ ಬಿ.ಎ. ಏನು ಮಾಡೀತು?

ಟೊಂಗೆ ಬಿತ್ತು. ಮಿಡಿಯ ಬುಟ್ಟಿ ಹಗ್ಗದಲ್ಲಿ ಕ್ಷೇಮವಾಗಿ ಇಳಿಯಿತು. ಮಾವ ಇಳಿಯುವಾಗ ಪಾದ ಏಣಿಯ ಬದಲು ಗ್ರೀಸಿನ ತಗಡಿನ ಮೇಲೆ ಹೋಯಿತು, ಏಣಿ ವಾಲಿತು, ಮಾವ ಒಂದೇ ಕೈಯಲ್ಲಿ ಕೊಂಬೆ ಹಿಡಿದು ತೂಗಾಡಿದರು. ನೇರ ಕೆಳಗೆ ಬಟ್ಟೆ ಒಗೆಯುವ ಕಲ್ಲು. ಅದರ ಮೇಲೆ ಹಾಸಲೆಂದು ನಾನು ಹಾಸಿಗೆ ಎಳೆದು ತಂದರೆ ಅದು ಬಾಗಿಲಲ್ಲಿ ಸಿಕ್ಕಿಕೊಂಡಿತು. ಬೇಲಿಯಾಚೆ ಬನವಾಸಿ ಕಡೆಯ ಶಾರದವ್ವ, "ಹೆಗಡೇರ, ಅಳಿಲೆಲ್ಲಾ ಇಳದು ಹೋದ್ವು, ನೀವ್ಯಾವಾಗ ಇಳೀತೀರಿ?" ಎಂದು ನಕ್ಕವರು, ಮರುಕ್ಷಣ ಬಾಯಿಗೆ ಸೆರಗು ಒತ್ತಿಕೊಂಡರು. ಮಾವನ ಬೆರಳುಗಳು ಬೆಳ್ಳಗಾಗುತ್ತಿದ್ದುದು ಅಷ್ಟು ದೂರದಿಂದಲೂ ಕಾಣುತ್ತಿತ್ತು. ನಿಮ್ಮ ಮಗ ಏಣಿಯನ್ನು ನೆಟ್ಟಗೆ ಮಾಡಿ ಹತ್ತಿ, ಅಪ್ಪನ ಕಾಲುಗಳನ್ನು ಎದೆಗೆ ಅವುಚಿಕೊಂಡು ಒಂದೊಂದೇ ಮೆಟ್ಟಿಲು ಇಳಿಸಿದರು. ನೆಲ ಮುಟ್ಟಿದ ಮೇಲೆ ಮಾವನೇ ಮೊದಲು ಬಾಯಿಬಿಟ್ಟರು: "ಎಂತೂ ಆಜಿಲ್ಲೆ, ಗ್ರೀಸು ಜಾರ್ತು ಅಷ್ಟೇಯ. ಮಿಡಿ ನೆರಳಿಗಿಡಿ."

ಮೈಮೇಲೆ ಒಂದು ಗೀರೂ ಇಲ್ಲ. ಪಂಚೆ ಮಾತ್ರ ಕಪ್ಪಾಗಿದೆ, ನೀವು ಬಂದು ಬೈಯುವವರೆಗೆ ಒಗೆಯದೆ ಇಡುತ್ತೇನೆ. ಗಾಬರಿ ಬೇಡ, ಅಲ್ಲಿಯ ಕೆಲಸವೆಲ್ಲ ಮುಗಿಸಿಕೊಂಡು ನಿಧಾನಕ್ಕೆ ಬನ್ನಿ ಎಂದು ಮಾವ ಹೇಳಿದ್ದಾರೆ. ಸಂಹಿತಾಗೆ ಮೊದಲ ಮಿಡಿಯನ್ನು ಉಪ್ಪು ಹಚ್ಚಿ ನೀವೇ ಕೊಡಿ. ಭಾವನಿಗೆ ನಮಸ್ಕಾರ, ಹೊಟ್ಟೆಯೊಳಗೆ ಒದೆಯುತ್ತಿರುವವರಿಗೆ ಈ ಅತ್ತೆಯ ಮುದ್ದು.

ನಿಮ್ಮ ಸೊಸೆ,
ಪರಿಮಳಾ

ತಾ.ಕ.: ಶಿರಸಿ ಬಸ್ ಸ್ಟ್ಯಾಂಡಿನಲ್ಲಿ ಚೀಲದ ಮೇಲಿಟ್ಟು ಬರೆಯುತ್ತಿದ್ದೇನೆ, ಕಂಡಕ್ಟರು ಅವಸರ ಮಾಡುತ್ತಿದ್ದಾರೆ. ಮೇಲಿನದೆಲ್ಲ ಮಾವ ಓದಿ ಒಪ್ಪಿದ್ದು. ಅತ್ತೆ, ಜಾರಿದ್ದು ಗ್ರೀಸಿಗಲ್ಲ. ಕಾಲು ತಗಡಿಗೆ ತಾಗುವ ಮೊದಲೇ ಎಡಗೈ ಕೊಂಬೆಯನ್ನು ಬಿಟ್ಟದ್ದನ್ನು ನಾನು ಕಂಡೆ. ಇವತ್ತು ಬೆಳಿಗ್ಗೆ ಅದೇ ಕೈಯಿಂದ ಚಾ ಲೋಟ ಬಿತ್ತು. ಅಂಗಿಯ ಗುಂಡಿ ಹಾಕಲಾಗದೆ, ಈ ಸೆಕೆಯಲ್ಲಿ ಶಾಲು ಹೊದ್ದು ಕುಳಿತಿದ್ದಾರೆ. ಡಾಕ್ಟರ ಹೆಸರೆತ್ತಿದರೆ ಊಟ ಬಿಡುತ್ತೇನೆ ಎನ್ನುತ್ತಾರೆ. ಹುಬ್ಬಳ್ಳಿಗೆ ಕಾರು ಗೊತ್ತು ಮಾಡಿ ಇಟ್ಟಿದ್ದೇವೆ, ನೀವು ಹೇಳದೆ ಅವರು ಅದರಲ್ಲಿ ಕೂರುವುದಿಲ್ಲ. ಈ ಬಸ್ಸು ಯಲ್ಲಾಪುರದಲ್ಲಿ ಅರ್ಧ ಗಂಟೆ ನಿಂತು ಶಿರಸಿಗೇ ತಿರುಗುತ್ತದೆ. ಚೀಲ ಇಳಿಸಿ, ನೀವು ಹತ್ತಿ.