ಎರಡನೇ ಲೋಟದ ನೀರು

ಕಾಕ್ಕನಾಡ್, ಎರ್ನಾಕುಳಂ,
ಭಾನುವಾರ, ೩ ಆಗಸ್ಟ್ ೨೦೨೫

ಪ್ರೀತಿಯ ಪಾವನಾ,

ನಿನ್ನ ವಿಶ್ವೇಶ್ವರ ಮಾವ ತಲೆಯ ಮೇಲೆ ಕೈಯಿಟ್ಟು ಮಾಡುವ ಆಶೀರ್ವಾದ. ಕೈಯನ್ನು ಇಲ್ಲಿಂದ ತಿರುವನಂತಪುರದವರೆಗೂ ಚಾಚಿದ್ದೇನೆ, ನೀನು ತಲೆಯನ್ನು ಸ್ವಲ್ಪ ಬಗ್ಗಿಸಿದರೆ ಸಾಕು.

ಮೊದಲು ನಿನ್ನ ಆರೋಗ್ಯದ ವಿಷಯ ಹೇಳು. ಹೋದ ವಾರ ಫೋನಿನಲ್ಲಿ ನಡುನಡುವೆ ಕೆಮ್ಮಿದೆ. ಕೇಳಿದರೆ ‘ಎ.ಸಿ. ಗಾಳಿ ಮಾವ’ ಅಂದೆ. ರಾಕೆಟ್ಟಿಗೆ ತಂಪು ಬೇಕು ಸರಿ, ರಾಕೆಟ್ಟಿನ ಲೆಕ್ಕ ಹಾಕುವ ಹುಡುಗಿಗೂ ಅಷ್ಟೇ ತಂಪು ಯಾಕೆ ಬೇಕೋ ನಿನ್ನ ದೊಡ್ಡ ಸಾಹೇಬರನ್ನೇ ಕೇಳಬೇಕು. ಮೆಣಸು, ಬೆಲ್ಲ, ಚೂರು ಶುಂಠಿ ಹಾಕಿ ಕುದಿಸಿ ಕುಡಿ. ನಾನು ಇಲ್ಲಿ ಕಲ್ಲುಗುಂಡಿನ ಹಾಗಿದ್ದೇನೆ. ಬಲಮೊಣಕಾಲು ಮಾತ್ರ ಮಳೆ ಬರುವ ಮೊದಲೇ ಸುದ್ದಿ ಕೊಡುತ್ತದೆ, ಅದೂ ನಿಮ್ಮ ಉಪಗ್ರಹಕ್ಕಿಂತ ಮುಂಚೆ. ಪತ್ರ ಯಾಕೆ ಬರೆದ ಎಂದು ನಗಬೇಡ. ನಿನ್ನ ಫೋನನ್ನು ಬೆಳಿಗ್ಗೆಯೇ ಗೇಟಿನಲ್ಲಿ ತೆಗೆದಿಟ್ಟುಕೊಳ್ಳುತ್ತಾರೆ, ಸಂಜೆ ಅದು ನಿನ್ನ ಕೈಗೆ ಬರುವಷ್ಟರಲ್ಲಿ ನಿನಗೆ ನಿದ್ದೆ ಬಂದಿರುತ್ತದೆ. ಕಾಗದಕ್ಕಾದರೆ ಯಾವಾಗ ಬೇಕಾದರೂ ಉತ್ತರ ಕೊಡಬಹುದು. ಅದೂ ಅಲ್ಲದೆ, ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನಾದರೂ ನನ್ನ ಅಕ್ಷರ ನೋಡಿ ನಮ್ಮ ಮೇಷ್ಟ್ರು ಇಡೀ ಶಾಲೆಗೆ ನನ್ನ ಪಾಟಿ ತೋರಿಸಿದ್ದರು. ಆ ಅಕ್ಷರ ಸುಮ್ಮನೆ ತುಕ್ಕು ಹಿಡಿಯಬಾರದು.

ಈಗ ಸುದ್ದಿಗೆ ಬರುತ್ತೇನೆ. ಈ ತಿಂಗಳ ಕೊನೆಗೆ ಫ್ಲ್ಯಾಟಿನ ಕರಾರು ಮುಗಿಯುತ್ತದೆ, ಅವ್ವನ ಗಿಡವನ್ನು ತಗೊಂಡು ತಿರುವನಂತಪುರಕ್ಕೆ ಬಾ ಎಂದು ಹೇಳಿದೆಯಲ್ಲ. ‘ತಂಪಾನೂರು ಸ್ಟೇಷನ್ನಿಗೇ ಬಂದು ಗಿಡ ಇಸ್ಕೊಂಡು, ಹಾಗೇ ನಿನ್ನ ಬೆಂಗಳೂರು ರೈಲು ಹತ್ತಿಸಿಬಿಡ್ತೀನಿ ಮಾವ, ನಿಂಗೂ ತ್ರಾಸಾಗಲ್ಲ’ ಅಂದೆ. ಒಳ್ಳೆಯ ಯೋಜನೆ. ನಾನು ನಿನ್ನನ್ನು ಎತ್ತಿ ಆಡಿಸಿದವನು, ನಿನ್ನ ತಲೆ ಎಷ್ಟು ಚುರುಕು ಎಂದು ನನಗೆ ಗೊತ್ತು. ಆದರೆ ಮೊನ್ನೆ ಜೋಸೆಫ್‌ನ ಹತ್ತಿರ, ಅವನೇ ನಮ್ಮ ಸೆಕ್ಯೂರಿಟಿ, ಆ ರೈಲಿನ ವಿಚಾರ ಕೇಳಿದೆ. ಅವನು ಮೊಬೈಲು ತಿಕ್ಕಿ ತಿಕ್ಕಿ ನೋಡಿ ನಕ್ಕ. ಆ ರೈಲು ತಂಪಾನೂರಿನಿಂದ ಹೊರಟು ಮತ್ತೆ ಎರ್ನಾಕುಳಂ ಮೇಲೆಯೇ ಹೋಗುತ್ತದಂತೆ. ಅಂದರೆ ನಾನು ದಕ್ಷಿಣಕ್ಕೆ ಒಂದು ದಾರಿ ಹೋಗಿ, ಪ್ಲಾಟ್‌ಫಾರ್ಮಿನಲ್ಲಿ ಕುಂಡ ಒಪ್ಪಿಸಿ, ಬಂದ ದಾರಿಯಲ್ಲೇ ಇದೇ ಊರನ್ನು ದಾಟಿಕೊಂಡು ನಮ್ಮ ಕೂಡ್ಲಿಗಿ ಕಡೆ ಹೊರಡಬೇಕು. ಇರಲಿ, ರೈಲಿನಲ್ಲಿ ಕಿಟಕಿ ಸಿಕ್ಕರೆ ನನಗೆ ಎಲ್ಲ ದಾರಿಯೂ ಸರಿಯೇ. ತೊಡಕು ಇರುವುದು ನನ್ನದಲ್ಲ, ಡೊಳ್ಳಪ್ಪನದು. ಅವನು ಪ್ರಯಾಣ ಮಾಡುವ ಸ್ಥಿತಿಯಲ್ಲಿಲ್ಲ.

ಗಾಬರಿಯಾಗಬೇಡ, ಪೂರ್ತಿ ಓದು. ನಿನ್ನನ್ನು ಮೊದಲ ಸಲ ಕೆಲಸಕ್ಕೆ ಬಿಡಲು ನಿನ್ನ ಅವ್ವ ನಿರ್ಮಲ, ನಾನು ಇಬ್ಬರೂ ಬಂದಿದ್ದೆವಲ್ಲ, ಆವತ್ತು ಇಲ್ಲಿನ ಎರ್ನಾಕುಳಂ ಬಸ್ ಸ್ಟ್ಯಾಂಡಿನ ಹೊರಗೆ ಅವಳು ಈ ಅಡೀನಿಯಂ ಗಿಡ ಕೊಂಡಳು. ನಾಲ್ಕು ಎಲೆ, ಎರಡು ಗುಲಾಬಿ ಬಣ್ಣದ ಹೂವು, ಕೆಳಗೆ ಊದಿಕೊಂಡ ಬುಡ. ನಮ್ಮೂರ ಹಳೇ ಚೇರ್ಮನ್ನರ ಹೊಟ್ಟೆಯೇ ಇದು ಎಂದು ನಾನು ನಕ್ಕೆ. ಡೊಳ್ಳಪ್ಪ ಎಂಬ ಹೆಸರು ಆ ಗಳಿಗೆಯಲ್ಲೇ ಬಿತ್ತು. ನಿನ್ನ ಅವ್ವ ನಗಲಿಲ್ಲ. ‘ನೀರು ಕೇಳದ ಗಿಡ ಅಂತೆ ಅಣ್ಣ. ನಮ್ಮ ಕಡೆಯದು ಅನ್ನಿಸ್ತು’ ಅಂದಳು. ಬಸ್ಸಿನಲ್ಲಿ ಕುಂಡವನ್ನು ತೊಡೆಯ ಮೇಲೆ ಇಟ್ಟುಕೊಂಡು ಸೆರಗು ಮುಚ್ಚಿ ತಂದಳು. ಅವಳು ತೀರಿಹೋದ ಮೇಲೆ ನೀನು ನನ್ನನ್ನು ಕರೆಸಿಕೊಂಡಾಗ, ಈ ಮನೆಯ ಬಾಲ್ಕನಿಯಲ್ಲಿ ನನಗಿಂತ ಮೊದಲೇ ಜಾಗ ಹಿಡಿದು ಕೂತಿದ್ದವನು ಅವನೇ.

ನೀರಿನ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಇಡೀ ಊರಿನ ನೀರುಗಂಟಿಯಾಗಿ ವಾಲ್ವಿನ ಕೀಲಿ ಹೆಗಲ ಮೇಲೆ ಹೊತ್ತು ತಿರುಗಿದವನು. ಯಾವ ಓಣಿಗೆ ಎಷ್ಟು ಹೊತ್ತು ಬಿಡಬೇಕು, ಯಾವ ಮನೆಯವರು ಸುಳ್ಳು ಮದುವೆ ಹೇಳಿ ಎರಡು ಕೊಡ ಹೆಚ್ಚು ಕೇಳುತ್ತಾರೆ, ಎಲ್ಲ ಬಾಯಿಪಾಠ. ನಾನು ಕೀಲಿ ತಿರುಗಿಸುವವರೆಗೆ ಕೊಡಗಳೆಲ್ಲ ಬಾಯಿ ತೆರೆದು ಸಾಲಾಗಿ ಕಾಯುತ್ತಿದ್ದವು. ಅಂಥವನು ಒಂದು ಕುಂಡಕ್ಕೆ ನೀರು ಅಳೆಯಲಾರನೇ? ನೀನು ಏಪ್ರಿಲ್‌ನಲ್ಲಿ ವರ್ಗವಾಗಿ ಹೋಗುವಾಗ ಹೇಳಿದ್ದನ್ನು ಚಾಚೂ ತಪ್ಪದೆ ಮಾಡಿದೆ. ಬೆರಳು ಮಣ್ಣಿಗೆ ಇಳಿಸಿ ನೋಡುವುದು, ಒಣಗಿದ್ದರೆ ಮಾತ್ರ ಹಾಕುವುದು, ಮಳೆ ಹಿಡಿದ ಮೇಲೆ ಕುಂಡವನ್ನು ಗೋಡೆಯ ಬದಿಗೆ ಸರಿಸಿ ನೀರನ್ನು ಪೂರ್ತಿ ನಿಲ್ಲಿಸುವುದು. ಹಾಗಿದ್ದೂ ಜೂನ್ ಕೊನೆಗೆ ಎಲೆ ಹಳದಿಯಾಗಿ ಉದುರತೊಡಗಿತು. ವಿಶ್ರಾಂತಿಗೆ ಹೋಗುತ್ತಿದ್ದಾನೆ, ಬಿಸಿಲು ಬಂದರೆ ಏಳುತ್ತಾನೆ ಎಂದು ಕಂಡವರಿಗೆಲ್ಲ ಹೇಳಿಕೊಂಡು ತಿರುಗಿದೆ.

ನಂಬದವರು ಒಬ್ಬರೇ, ಎದುರು ಮನೆಯ ಚಂದ್ರಾವತಿ ಬಾಯಿ. ಕಾಸರಗೋಡಿನವರು, ಕೋರ್ಟಿನ ಕಚೇರಿಯಲ್ಲಿ ಇದ್ದು ನಿವೃತ್ತರಾದವರು, ನೀನು ಹೋದ ಮೇಲೆ ಈ ಕಟ್ಟಡದಲ್ಲಿ ನನ್ನ ಕನ್ನಡಕ್ಕೆ ಉತ್ತರ ಕೊಡುವ ಏಕೈಕ ಬಾಯಿ. ಬಂದವರೇ ಡೊಳ್ಳಪ್ಪನ ಹೊಟ್ಟೆಯನ್ನು ಹೆಬ್ಬೆರಳಿನಿಂದ ಒತ್ತಿದರು. ಬೆರಳು ಹಣ್ಣಾದ ಪಪ್ಪಾಯದೊಳಗೆ ಇಳಿದ ಹಾಗೆ ಇಳಿಯಿತು. ‘ಎಂತ ಮಾರಾಯ್ರೇ, ಗಿಡಕ್ಕೆ ನೀರು ಹಾಕಿದ್ದೋ, ಗಿಡವನ್ನೇ ನೀರಿಗೆ ಹಾಕಿದ್ದೋ?’ ಅಂದರು. ಮಳೆ ಹಿಡಿದ ಮೇಲೆ ಒಂದು ಹನಿ ಹಾಕಿದ್ದರೆ ನನ್ನ ಮೀಸೆ ಬೋಳಿಸಿ ಎಂದೆ. ‘ಮೀಸೆ ಇರಲಿ, ನನ್ನ ಹತ್ರ ನಿಜ ಹೇಳಿ. ಸುಳ್ಳು ಕೇಳಿ ಕೇಳಿಯೇ ಪೆನ್ಶನ್ ತಗೊಂಡವಳು ನಾನು’ ಎನ್ನುತ್ತ ಒಳಗೆ ಬಂದು ಅಡ್ಡಾದಿಡ್ಡಿ ಪ್ರಶ್ನೆ ಹಾಕತೊಡಗಿದರು. ಅಷ್ಟರಲ್ಲಿ ಅವರ ಕಣ್ಣು ಊಟದ ಮೇಜಿನ ಮೇಲೆ ಬಿತ್ತು. ಒಂದು ತಟ್ಟೆ, ಒಂದು ತಂಬಿಗೆ, ಎರಡು ಲೋಟ ನೀರು. ‘ಇದು ಯಾರಿಗೆ?’ ಎಂದು ಕೇಳಿದರು.

ನನಗೂ ಆಗಲೇ ಹೊಳೆದದ್ದು, ಪಾವನಾ. ನೀನಿದ್ದಾಗ ಊಟಕ್ಕೆ ಕೂರುವ ಮುಂಚೆ ಎರಡು ಲೋಟ ತುಂಬಿಸಿ ಇಡುತ್ತಿದ್ದೆನಲ್ಲ, ಆ ಕೈ ನೀನು ಹೋದದ್ದನ್ನು ಕೇಳಿಸಿಕೊಂಡೇ ಇಲ್ಲ. ಹೊತ್ತು ಹೊತ್ತಿಗೂ ಎರಡು ತುಂಬಿಸುತ್ತದೆ. ಊಟ ಮುಗಿದ ಮೇಲೆ ಮುಟ್ಟದ ಆ ಲೋಟವನ್ನು ಏನು ಮಾಡುವುದು? ಉಳಿದ ನೀರನ್ನು ಬಚ್ಚಲಿಗೆ ಚೆಲ್ಲುವ ಪದ್ಧತಿ ನಮ್ಮ ಮನೆಯಲ್ಲಿ ಇಲ್ಲ. ಗುಟುಕು ಉಳಿದರೂ ಗಿಡದ ಬುಡಕ್ಕೆ ಹಾಕಬೇಕು. ನಿನ್ನ ಅಜ್ಜಿ ಇದಕ್ಕಾಗಿ ನನ್ನ ಬೆನ್ನಿಗೆ ಎಷ್ಟು ಸಲ ಕೊಟ್ಟಿದ್ದಳೋ. ನಮ್ಮೂರಲ್ಲಿ ಬಾಗಿಲ ಮುಂದೆ ಬೇವು, ಕರಿಬೇವು, ದಾಸವಾಳ ಎಲ್ಲ ಇದ್ದವು, ಹಂಚಿಕೊಂಡು ಕುಡಿಯುತ್ತಿದ್ದವು. ಇಲ್ಲಿ ಇದ್ದದ್ದು ಇವನೊಬ್ಬನೇ. ನೀರು ಹಾಕುವುದನ್ನು ನಾನು ಬಲು ಕಟ್ಟುನಿಟ್ಟಾಗಿ ನಿಲ್ಲಿಸಿದ್ದೆ, ಅದು ಸತ್ಯ. ಉಳಿದದ್ದನ್ನು ಸುರಿಯುವುದು ನಮ್ಮಲ್ಲಿ ನೀರು ಹಾಕುವುದು ಅಲ್ಲವಲ್ಲ, ಲೋಟ ಖಾಲಿ ಮಾಡುವುದು. ನೀನು ಕುಡಿಯದ ನೀರನ್ನೆಲ್ಲ ಪಾಪ ಅವನು ಕುಡಿದ. ಚಂದ್ರಾವತಿ ಬಾಯಿಗೆ ಮಾತ್ರ ನಾನು, ಒಂಟಿ ಲೋಟ ಇಡುವುದು ನಮ್ಮ ಕಡೆ ಅಪಶಕುನ ಎಂದು ಗಟ್ಟಿಯಾಗಿ ಹೇಳಿದೆ. ಅವರು ವಾದ ಮಾಡಲಿಲ್ಲ. ಎರಡನೇ ಲೋಟದ ನೀರನ್ನು ತಾವೇ ಕುಡಿದು, ಮೇಜಿನ ಮೇಲೆ ಕವುಚಿಟ್ಟು, ‘ಇನ್ನು ಮುಂದೆ ಇದನ್ನು ಹೀಗೆಯೇ ಇಡಿ’ ಎಂದು ಹೇಳಿ ಹೋದರು.

ಆಮೇಲೆ ನಡೆದದ್ದು ದೊಡ್ಡ ಆಪರೇಶನ್. ಅಂಥದ್ದನ್ನು ಕಾಕ್ಕನಾಡಿನಲ್ಲಿ ಯಾರೂ ನೋಡಿರಲಿಕ್ಕಿಲ್ಲ. ಗಿಡವನ್ನು ಕಿತ್ತು, ಬೇರು ತೊಳೆದು, ಚಾಕುವನ್ನು ಒಲೆಯ ಬೆಂಕಿಗೆ ಹಿಡಿದು, ಕೊಳೆತದ್ದನ್ನು ಪದರ ಪದರವಾಗಿ ಕೆತ್ತಿದೆ. ಕಂದು ಬಣ್ಣ ಹೋಗಿ ಬಿಳಿಯ ಗಟ್ಟಿ ತಿರುಳು ಕಾಣುವವರೆಗೂ ಕೆತ್ತಬೇಕು, ಅಯ್ಯೋ ಪಾಪ ಎಂದು ಒಂದು ಚೂರು ಬಿಟ್ಟರೆ ಅದೇ ಮತ್ತೆ ಹಬ್ಬುತ್ತದೆ. ಅರ್ಧ ಹೊಟ್ಟೆ ಹೋಯಿತು. ಗಾಯಕ್ಕೆ ಅರಿಶಿನ ಮೆತ್ತಿದೆ. ಆ ಗಿಡದ ಹಾಲು ವಿಷ, ನೆನಪಿಟ್ಟುಕೋ, ಮುಟ್ಟಿದ ಕೈಯನ್ನು ಸೋಪು ಹಾಕಿ ತೊಳೆಯಬೇಕು. ನಾನು ಅವಸರದಲ್ಲಿ ಕಣ್ಣು ಒರೆಸಿಕೊಂಡುಬಿಟ್ಟೆ. ಧಾರೆಧಾರೆಯಾಗಿ ನೀರು. ಕೊರಿಯರ್ ಕೊಡಲು ಬಂದ ಜೋಸೆಫ್ ಬಾಗಿಲಲ್ಲಿ ನಿಂತವನು, ‘ಕರಯಲ್ಲೇ ಮಾಮಾ, ಕರಯಲ್ಲೇ’ ಎಂದು ಬೆನ್ನು ಸವರಿದ. ಅಳಬೇಡಿ ಅನ್ನುವುದನ್ನು ಇಲ್ಲಿ ಹಾಗೆ ಹೇಳುತ್ತಾರೆ. ಅಳುತ್ತಿಲ್ಲ ಮಾರಾಯ, ಗಿಡದ ಹಾಲು ತಾಗಿದೆ ಎಂದು ಅವನಿಗೆ ಯಾವ ಭಾಷೆಯಲ್ಲಿ ಹೇಳಲಿ? ನಿನ್ನ ಕಿವಿಗೆ ಸುದ್ದಿ ಬೇರೆ ಥರ ಬಂದರೆ ನಂಬಬೇಡ.

ಬೇರು ತೊಳೆದ ಡೊಳ್ಳಪ್ಪನನ್ನು ಬಟ್ಟೆ ಒಣಗಿಸುವ ಹಗ್ಗಕ್ಕೆ ತಲೆಕೆಳಗಾಗಿ ನೇತುಹಾಕಿದೆ, ಬಿಸಿಲು ತಾಗದ, ಗಾಳಿ ಆಡುವ ಕಡೆ. ಗಾಯ ಒಣಗಿ ಹೆಕ್ಕಳೆ ಕಟ್ಟುವವರೆಗೂ ಮಣ್ಣಿಲ್ಲ, ನೀರಿಲ್ಲ. ಬೇರೆ ಗಿಡವಾಗಿದ್ದರೆ ಸಂಜೆಯೊಳಗೆ ಸತ್ತಿರುತ್ತಿತ್ತು. ಇವನು ಹೊಟ್ಟೆಯಲ್ಲಿ ಇಟ್ಟುಕೊಂಡದ್ದನ್ನೇ ತಿಂದುಕೊಂಡು ಜೋತಾಡುತ್ತಿದ್ದ. ಎರಡು ವಾರ ನಾನು ಅವನ ಎದುರಿಗೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಿದ್ದೆ. ಮಾಡುವುದಕ್ಕೆ ಏನೂ ಇಲ್ಲ, ಅದೇ ಔಷಧಿ. ಸಂಜೆ ಕೆಳಗೆ ಕಂಪನಿ ಕ್ಯಾಬುಗಳು ಬರುತ್ತವೆ, ನಿನ್ನ ಹಾಗೆ ಕೊರಳಿಗೆ ಪಟ್ಟಿ ಹಾಕಿಕೊಂಡ ಹುಡುಗಿಯರು ಇಳಿಯುತ್ತಾರೆ. ಬ್ಯಾಗು ಎಡಗೈಗೆ ಬದಲಾಯಿಸಿಕೊಂಡು ಮೇಲೆ ನೋಡುತ್ತಾರೆ. ಮೇಲೆ ಅಂದರೆ ಅವರವರ ಬಾಲ್ಕನಿಗೆ. ಟಿ.ವಿ.ಯ ಕನ್ನಡ ಚಾನೆಲ್ಲುಗಳು ನಿಂತು ಹೋಗಿವೆ, ಮತ್ತೆ ಹಾಕಿಸಲಿಲ್ಲ. ಲಿಫ್ಟಿನೊಳಗಿನ ಹೆಂಗಸು ಬಾಗಿಲು ಮುಚ್ಚುವಾಗ ಇಂಗ್ಲಿಷಿನಲ್ಲಿ ಏನೋ ಹೇಳುತ್ತಾಳೆ, ನಾನು ಆಗಲಿ ತಾಯಿ ಅನ್ನುತ್ತೇನೆ. ಕೆಲವು ದಿನ ನಮ್ಮಿಬ್ಬರದು ಅಷ್ಟೇ ಮಾತು. ಉಳಿದದ್ದನ್ನೆಲ್ಲ ಡೊಳ್ಳಪ್ಪನಿಗೆ ಹೇಳಿದ್ದೇನೆ. ನಿನ್ನ ಚಿಕ್ಕಂದಿನ ಗುಟ್ಟುಗಳು ಅವನಿಗೆ ಪೂರ್ತಿ ಗೊತ್ತು, ಹುಷಾರು.

ಊರಿನಿಂದ ಅಣ್ಣನ ಮಗ ಪ್ರಮೋದ್ ಫೋನು ಮಾಡಿದ್ದ. ನೀರು ಬಿಡುವುದಕ್ಕೆ ಈಗ ಮನುಷ್ಯರು ಬೇಡವಂತೆ, ಟೈಮರು ಕೂರಿಸಿದ್ದಾರಂತೆ, ಕೀಲಿಯನ್ನು ಪಂಚಾಯಿತಿಯಲ್ಲಿ ಎಲ್ಲೋ ಎಸೆದಿದ್ದಾರೆ. ನನ್ನ ಕೋಣೆಯಲ್ಲಿ ಶೇಂಗಾ ಚೀಲ ಒಟ್ಟಿದ್ದಾನಂತೆ. ‘ನೀನು ಬರ್ತಿ ಅಂದ್ರ ತೆಗಿತೀನಿ ಬಿಡು ಕಾಕಾ’ ಅಂದ. ಪಾಪ, ಒಳ್ಳೆಯ ಹುಡುಗ. ನನ್ನಿಂದಾಗಿ ಆ ಚೀಲಗಳಿಗೆ ತೊಂದರೆಯಾಗುವುದು ಬೇಡ ಅಂದುಕೊಂಡೆ.

ಈಗ ಡೊಳ್ಳಪ್ಪ ಹೊಸ ಕುಂಡದಲ್ಲಿದ್ದಾನೆ. ಒಡೆದ ಹೆಂಚು, ಇಟ್ಟಿಗೆ ಚೂರು, ಬೀದಿಬದಿಯ ತಟ್ಟುಕಡೆ ಹೋಟೆಲಿನ ಒಲೆಯಿಂದ ಜೋಸೆಫ್ ತಂದ ಇದ್ದಿಲು, ಹೆಸರಿಗೆ ಒಂದು ಹಿಡಿ ಗೊಬ್ಬರ. ನೀರು ಹಾಕಿದರೆ ನಿಲ್ಲದೆ ಕೆಳಗೆ ಓಡಬೇಕು, ಹಾಗೆ. ಇದನ್ನು ನೋಡಿ ಕಟ್ಟಡದ ಹೆಂಗಸರೆಲ್ಲ ತಮ್ಮ ತಮ್ಮ ಕುಂಡ ಹೊತ್ತು ತರುತ್ತಿದ್ದಾರೆ. ಲೋಳೆಸರ, ಜೇಡ್, ಹೆಸರೇ ಗೊತ್ತಿಲ್ಲದ ಮುಳ್ಳಿನವು. ಮೂರನೇ ಮಹಡಿಯ ಗ್ರೀಷ್ಮಾ ನನ್ನನ್ನು ಡಾಕ್ಟರ್ ಎಂದೇ ಕರೆಯುತ್ತಾಳೆ. ನಾನು ಹುಬ್ಬು ಗಂಟಿಕ್ಕಿ, ಹೊಟ್ಟೆ ಒತ್ತಿ ನೋಡಿ, ಎಲ್ಲರಿಗೂ ಒಂದೇ ಚೀಟಿ: ‘ವೆಳ್ಳಂ ಮದಿ’. ನೀರು ಸಾಕು ಎಂದು. ನನ್ನ ಮಲಯಾಳ ಅಷ್ಟೇ, ಅದರಲ್ಲೇ ಅರ್ಧ ಕಟ್ಟಡ ಬದುಕಿದೆ. ಫೀಸು ಪಳಂಪೊರಿ, ಬಾಳೆಹಣ್ಣಿನ ಬಜ್ಜಿ.

ಆದ್ದರಿಂದ ಡಾಕ್ಟರಾಗಿ ನನ್ನ ಖಡಾಖಂಡಿತ ಅಭಿಪ್ರಾಯ ಇದು: ಡೊಳ್ಳಪ್ಪನನ್ನು ದೀಪಾವಳಿಗೆ ಮುಂಚೆ ಅಲುಗಾಡಿಸಕೂಡದು. ರೈಲಿನ ಕುಲುಕಾಟಕ್ಕೆ ಹೊಸ ಬೇರು ಕಡಿದು ಹೋದರೆ ನಿನ್ನ ಅವ್ವನಿಗೆ ನಾನು ಏನು ಹೇಳಲಿ? ಮನೆ ಮಾಲೀಕರ ಹತ್ತಿರ ಮಾತಾಡಿ ಎರಡು ಮೂರು ತಿಂಗಳು ಕರಾರು ಮುಂದಕ್ಕೆ ಹಾಕಿಸು. ನಾನು ಹೇಗೂ ಇಲ್ಲೇ ಇದ್ದೇನೆ. ಅಲ್ಲಿ ನಿನ್ನದು ಒಂದೇ ಕೋಣೆ ಎಂದು ನನಗೆ ಗೊತ್ತು, ಅದರ ಬಗ್ಗೆ ನಾನು ಏನೂ ಅನ್ನುವುದಿಲ್ಲ.

ಹೊತ್ತಿಗೆ ಸರಿಯಾಗಿ ಉಣ್ಣು. ಕೂದಲು ಒದ್ದೆ ಇದ್ದಾಗ ಎ.ಸಿ. ಕೆಳಗೆ ಕೂರಬೇಡ. ನೀನು ಹಾರಿಸುವುದೆಲ್ಲ ಮೇಲೇರಲಿ, ನೀನು ಮಾತ್ರ ಆಗಾಗ ಕೆಳಗೆ ಬಂದು ಮಾತಾಡಿಸುತ್ತಿರು ಎಂದು ಹರಸುವ,

ನಿನ್ನ ಸೋದರಮಾವ,
ವಿಶ್ವೇಶ್ವರ
(ಮಾಜಿ ನೀರುಗಂಟಿ, ಹಾಲಿ ಗಿಡದ ಡಾಕ್ಟರ್)

ತಾ.ಕ.: ಲಕೋಟೆ ಅಂಟಿಸುವ ಮುಂಚೆ ಚಂದ್ರಾವತಿ ಬಾಯಿ ಬಂದರು. ಡೊಳ್ಳಪ್ಪನನ್ನು ನೋಡಿ, ‘ತುದಿಯಲ್ಲೆಲ್ಲ ಚಿಗುರು ಉಂಟಲ್ಲ, ಹೊಟ್ಟೆಯೂ ಗಟ್ಟಿ. ಇವನು ನಾಳೆಯೇ ಬೇಕಾದರೂ ರೈಲು ಹತ್ತಿಯಾನು’ ಅಂದರು. ನೀನು ಫೋನು ಮಾಡಿದರೆ ಅವರೇ ಹೇಳಿಬಿಡುತ್ತಾರೆ, ಅದಕ್ಕೆ ನಾನೇ ಬರೆಯುತ್ತಿದ್ದೇನೆ. ಚಿಗುರು ನಾನೂ ಹೋದ ವಾರವೇ ನೋಡಿದ್ದೆ. ದೀಪಾವಳಿಯ ಮಾತು ಬಿಡು. ನೀನು ಹೇಳಿದ ದಿನ ತರುತ್ತೇನೆ, ತೊಡೆಯ ಮೇಲೆ ಇಟ್ಟುಕೊಂಡೇ ತರುತ್ತೇನೆ. ಒಂದೇ ಮಾತು, ಬೆಂಗಳೂರು ರೈಲಿಗೆ ಅವತ್ತೇ ಟಿಕೆಟ್ ಮಾಡಬೇಡ, ಎರಡು ದಿನ ಬಿಟ್ಟು ಮಾಡು. ಈ ಗಿಡಕ್ಕೆ ನೀರು ಹಾಕುವುದನ್ನು ಯಾರು ಬೇಕಾದರೂ ಕಲಿಸುತ್ತಾರೆ, ಹಾಕದೆ ಇರುವುದನ್ನು ಪ್ಲಾಟ್‌ಫಾರ್ಮಿನಲ್ಲಿ ನಿಂತು ಕಲಿಸಲು ಆಗುವುದಿಲ್ಲ. ನಾನು ಬಾಗಿಲ ಹತ್ತಿರ ಚಾಪೆ ಹಾಸಿಕೊಳ್ಳುತ್ತೇನೆ. ನಿನ್ನ ಕೋಣೆಯಲ್ಲಿ ಲೋಟ ಒಂದೇ ಇದ್ದರೂ ಚಿಂತೆ ಮಾಡಬೇಡ, ನನ್ನದನ್ನು ನಾನೇ ತರುತ್ತೇನೆ.